ಅಜ್ಜನ ಪೀಪಾಯಿ

ಹೋದ ಚಳಿಗಾಲದ ಜ್ವರ ಹೋಗುವಾಗ ಅಸಿಸ್ಕ್ಲೊನ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ವಾಸನೆಯಿಲ್ಲ, ರುಚಿಯಿಲ್ಲ, ಹೆಂಡತಿ ಫುವೆನ್ಸಾಂತಾ ಮಾಡುವ ಎತ್ತಿನ ಬಾಲದ ಸಾರು ಕೂಡ ಬರೀ ಬಿಸಿನೀರು. ಪುಣ್ಯಾತ್ಮ ಅವಳಿಗೂ ಹೇಳಲಿಲ್ಲ. ಕೋರ್ದೊಬಾ ಊರಲ್ಲಿ ವೈನಿನ ಪಡಖಾನೆ ಇಟ್ಟವನಿಗೆ ಮೂಗಿಲ್ಲ ಅಂತ ಗೊತ್ತಾದರೆ ಒಳಗೆ ಯಾರು ಕಾಲಿಡುತ್ತಾರೆ?

ಗೋಡೆಗಂಟಿದ ದೊಡ್ಡ ಪೀಪಾಯಿ ಅವನಜ್ಜ ತುಂಬಿಸಿದ್ದು. ಅದನ್ನು ಎಂದೂ ಬರಿದು ಮಾಡುವುದಿಲ್ಲ. ಇಳಿಸಿಕೊಂಡಷ್ಟು ಹೊಸ ವೈನು ಸುರಿದು, ಹಳೆಯದರ ಜೊತೆ ಹದವಾಗಲು ಬಿಡುತ್ತಾರೆ. ಸುರಿಯುವ ಮೊದಲು ಯಜಮಾನ ಹೊಸದನ್ನು ಮೂಸಿ, ಒಂದು ಗುಟುಕು ಕುಡಿದು, ಎಲ್ಲರೆದುರು 'ಸೈ' ಅನ್ನಬೇಕು. ಆಮೇಲೆ ಹಿರಿಯ ಗಿರಾಕಿಗೆ ಒಂದು ಲೋಟ. ಯಜಮಾನ ಸೈ ಅಂದಮೇಲೆ ಎದುರಾಡುವ ಪದ್ಧತಿಯಿಲ್ಲ.

ಈ ಸಲ ಅಸಿಸ್ಕ್ಲೊ ಮೂಸಿದಂತೆ ನಟಿಸಿದ, ನುಂಗಿದ, "ಸೈ!" ಅಂದ.

ಅವನಪ್ಪನ ಕಾಲದಿಂದ ಬರುತ್ತಿದ್ದ ಮುದುಕ ಬೆರ್ನಾಬೆ ಲೋಟ ಎತ್ತಿದ. ಒಂದು ಗುಟುಕಿಗೇ ತಡೆದು ನಿಂತ. "ಯಜಮಾನ್ರೇ ಹೇಳಿದ ಮೇಲೆ ಇನ್ನೇನಪ್ಪ, ಸೈ," ಎಂದು ಉಳಿದದ್ದನ್ನೂ ಕುಡಿದ. ಅಸಿಸ್ಕ್ಲೊಗೆ ಹೋದ ಜೀವ ಬಂದಂತಾಯಿತು. ಹೊಸದನ್ನೆಲ್ಲ ಪೀಪಾಯಿಗೆ ಸುರಿದ.

ತಿಂಗಳು ಕಳೆಯುವಷ್ಟರಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಬಿಯರ್ ಕೇಳತೊಡಗಿದರು. ಜನ್ಮದಲ್ಲಿ ಬಿಯರ್ ಮುಟ್ಟದ ಬೆರ್ನಾಬೆಯೂ ಕೇಳಿದ. "ಸೆಕೆ ಕಣಯ್ಯಾ," ಅಂದ. ಅಷ್ಟರಲ್ಲಿ ಸಾರಿಗೆ ವೈನು ಬೇಕೆಂದು ಫುವೆನ್ಸಾಂತಾ ಪೀಪಾಯಿಯಿಂದ ಹೂಜಿಗೆ ಇಳಿಸಿಕೊಂಡವಳು ಹೌಹಾರಿದಳು.

"ಏನ್ರೀ ಇದು? ಪೂರ್ತಿ ವಿನೆಗರ್ ಆಗೋಗಿದೆ! ಕೆಟ್ಟಿದ್ದನ್ನ ತಂದು ಸುರಿದ್ರಾ?"

ಅಸಿಸ್ಕ್ಲೊ ಮುದುಕನ ಕಡೆ ತಿರುಗಿದ. "ಅವತ್ತೇ ಗೊತ್ತಾಗಿತ್ತಾ ಮಾವ?"

"ಹುಳಿ ಅನ್ನಿಸ್ತಪ್ಪ."

"ಹೇಳೋಕೇನಾಗಿತ್ತು ನಿಮಗೆ!"

"ನೀನು ಸೈ ಅಂದಿದ್ದೆ. ನಿಮ್ಮಪ್ಪ ಈ ಕಟ್ಟೆ ಹಿಂದೆ ನಿಂತು ಒಂದಿನಾನೂ ಸುಳ್ಳು ಹೇಳ್ದೋನಲ್ಲ. ವಯಸ್ಸಾಯ್ತು, ನನ್ನ ನಾಲಿಗೇನೇ ಸತ್ತೋಗಿದೆ ಅಂದ್ಕೊಂಡೆ. ಮನೇಗ್ಹೋಗಿ ಅತ್ತುಬಿಟ್ಟೆ ಕಣೋ."

ಅಸಿಸ್ಕ್ಲೊಗೆ ನಾಚಿಕೆಯಿಂದ ಸಾಯುವಂತಾಯಿತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ.

ಭಾನುವಾರ ಪೀಪಾಯಿಯ ಬಿರಡೆ ಕಿತ್ತರು. ಮೂರು ತಲೆಮಾರಿನ ವೈನು ಓಣಿಯ ಚರಂಡಿಗೆ ಹರಿಯಿತು. ನೆರೆಹೊರೆಯವರು ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು. ಫುವೆನ್ಸಾಂತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಸಿಸ್ಕ್ಲೊ ಮಂಡಿಯೂರಿ, ಹರಿಯುವುದರ ಮೇಲೇ ಬಗ್ಗಿ, ಎದೆ ತುಂಬ ಉಸಿರೆಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ.

"ಹೇಗೆ ಬರ್ತಿದೆ ವಾಸನೆ?" ಎಂದು ಕೇಳಿದ. "ಅಜ್ಜಂದು ಒಂಚೂರಾದ್ರೂ ಉಳಿದಿದ್ಯೇನೇ? ನೀನೇ ನೋಡಿ ಹೇಳು."

ಫುವೆನ್ಸಾಂತಾಳ ಅಳು ನಿಂತುಹೋಯಿತು. ಅವಳು ಗಂಡನ ಮುಖವನ್ನೇ ನೋಡತೊಡಗಿದಳು.