ಒಂಟಿ ಅಲೆಯ ಐದನೆಯ ಅಧ್ಯಾಯ

ಗುರುವಿನ ಋಣ ತೀರಿಸಲಾಗದು ಅನ್ನುತ್ತಾರೆ. ನಮ್ಮ ಶಂಭುಲಿಂಗ ಸರ್ ಅವರ ಋಣವನ್ನಂತೂ ನಾನು ಏಳೇಳು ಜನ್ಮಕ್ಕೂ ಮರೆಯುವುದಿಲ್ಲ, ಬಿಡಿ.

ಧಾರವಾಡದಲ್ಲಿ ಪಿಎಚ್.ಡಿ.ಗೆಂದು ನಾನು ಅವರ ಕೈಕೆಳಗೆ ದುಡಿದದ್ದು ಒಂದೇ ಒಂದು ಅಲೆಗಾಗಿ. ಪ್ರೋಟೀನಿನಲ್ಲಿ ಅಣುಗಳು ಸರಪಳಿಯಾಗಿ ನಿಂತಿರುತ್ತವೆ. ಒಂದು ತುದಿಗೆ ಶಕ್ತಿ ಕೊಟ್ಟರೆ ಅದು ಚದುರದೆ, ಒಂದೇ ಉಬ್ಬಾಗಿ, ಇನ್ನೊಂದು ತುದಿಗೆ ಓಡುತ್ತದೆ ಎಂಬುದು ಸರ್ ಅವರ ಸಿದ್ಧಾಂತ. ಕಮರಿಪೇಟೆಯ ನಮ್ಮ ಓಣಿಗೆ ಟ್ಯಾಂಕರ್ ಬಂದಾಗ ಕೊಡ ಕೈಯಿಂದ ಕೈಗೆ ದಾಟಿ ಹನಿ ಚೆಲ್ಲದೆ ಮನೆ ಸೇರುತ್ತದಲ್ಲ, ಹಾಗೆ. ಆದರೆ ಅವರ ಲೆಕ್ಕದಲ್ಲಿ ಶಾಖವೇ ಇರಲಿಲ್ಲ. ನಾನು ಮೈಯ ಶಾಖ ಸೇರಿಸಿ ನೋಡಿದೆ. ಅಲೆ ಸ್ವಲ್ಪ ದೂರ ಹೋಗಿ ಸತ್ತಿತು. ಅದನ್ನೇ ಐದನೆಯ ಅಧ್ಯಾಯವಾಗಿ ಬರೆದೆ.

“ತಗದ ಬಿಡವಾ ಇದನ್ನ,” ಎಂದರು ಸರ್. “ಅಲೀನ ಉಳಿಯೂದಿಲ್ಲಂದ್ರ ಉಳಿದ ನಾಲ್ಕ ಅಧ್ಯಾಯ ಯಾಕ ಬೇಕು ಅಂತಾರ. ನಿನ್ನ ಛಲೋದಕ್ಕ ಹೇಳಾಕತ್ತೇನಿ.”

ಗುರುವಿನ ಮಾತು ಮೀರಬಾರದೆಂದು ಮನೆಯಲ್ಲಿ ಕಲಿಸಿದ್ದರು. ತೆಗೆದೆ.

ವೈವಾ ಪರೀಕ್ಷೆಯ ದಿನ ಅವ್ವ ಎಲ್ಲರಿಗೂ ಹೋಳಿಗೆ ಮಾಡಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬೆಳಗಾವಿಯಿಂದ ಬಂದ ಪರೀಕ್ಷಕರು, ಗುರುಪಾದ ಸರ್, ಕೊನೆಗೆ ಕೇಳಿದರು: “ಶಾಖ ಸೇರಿಸಿದ್ರ ಈ ಅಲಿ ಉಳೀತೈತೇನವಾ?”

ನಾನು ಶಂಭುಲಿಂಗ ಸರ್ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು.

“ಉಳಿಯೂದಿಲ್ರಿ,” ಎಂದೆ.

“ಮತ್ತ ಯಾಕ ಬರೀಲಿಲ್ಲ? ನಿಮ್ಮ ಗೈಡ್ ಹೋದ ತಿಂಗಳ ಅಚ್ಚಾದ ಪ್ರಬಂಧದಾಗ ಇದನ್ನ ತೋರಿಸ್ಯಾರ. ಭಾಳ ಛಲೋ ಕೆಲಸ.”

ಆ ಪ್ರಬಂಧವನ್ನು ನನ್ನತ್ತ ಹಿಡಿದರು. ನನ್ನದೇ ಲೆಕ್ಕ, ನನ್ನದೇ ಚಿತ್ರಗಳು. ಹೆಸರು ಮಾತ್ರ ಶಂಭುಲಿಂಗ ಸರ್ ಒಬ್ಬರದು.

“ಹೇಳಿ ಹೇಳಿ ಸಾಕಾತ್ರಿ,” ಎಂದರು ಶಂಭುಲಿಂಗ ಸರ್, ನಗುತ್ತ. “ಈಗಿನ ಹುಡುಗ್ರು ಓದೂದ ಕಡಿಮಿ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಬಾಯಿ ಬಿಗಿಹಿಡಿದೆ. ಪರೀಕ್ಷಕರ ವರದಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಸಹಿ ಬೀಳದಿದ್ದರೆ ಇಷ್ಟು ವರ್ಷ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

“ಇರಲಿ, ಒಟ್ಟ ಕೆಲಸ ಛಲೋ ಐತಿ,” ಎಂದು ಗುರುಪಾದ ಸರ್ ವರದಿ ಎಳೆದುಕೊಂಡು ಪೆನ್ನು ತೆಗೆದರು.

ಎಲ್ಲ ಮುಗಿಯಿತೆಂದು ತಿಳಿದ ಅವ್ವ ಮುಂದೆ ಬಂದಳು. ತಲೆ ಮೇಲೆ ಸೆರಗು ಹೊದ್ದು ಶಂಭುಲಿಂಗ ಸರ್ ಕಾಲಿಗೆ ಬಗ್ಗಿದಳು.

“ನಿಮ್ಮಿಂದ ನನ್ನ ಮಗಳು ದಂಡಿ ಮುಟ್ಟಿದಳ್ರಿ, ಯಪ್ಪಾ.”

ಅವರು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.

ನನ್ನ ಕೆಲಸ ತಿಂದದ್ದನ್ನು ಹೇಗೋ ನುಂಗಿದ್ದೆ. ಇದು ಗಂಟಲಲ್ಲಿ ಇಳಿಯಲಿಲ್ಲ. ಅವ್ವನ ತೋಳು ಹಿಡಿದು ಎಬ್ಬಿಸಿದೆ.

“ಏಳವ್ವಾ. ಇವ್ರು ನಾ ಬರದದ್ದನ್ನ ಕದ್ದಾರ. ನಂಗ ತಗಿ ಅಂದು ತಮ್ಮ ಹೆಸರಿಲೆ ಹಾಕ್ಕೊಂಡಾರ.”

ಗುರುಪಾದ ಸರ್ ಒಮ್ಮೆ ನನ್ನನ್ನು, ಒಮ್ಮೆ ಶಂಭುಲಿಂಗ ಸರ್ ಅವರನ್ನು ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು.

ಅವ್ವ ನನ್ನ ಕೈ ಕೊಡವಿದಳು.

“ಗುರುವಿಗೆ ಹಂಗ ಅಂತಾರೇನ?” ಎಂದವಳೇ ಮತ್ತೆ ಬಗ್ಗಿ ಶಂಭುಲಿಂಗ ಸರ್ ಪಾದ ಹಿಡಿದಳು. “ಹುಡುಗೀಗೆ ತಿಳೀವಲ್ದರಿ, ಯಪ್ಪಾ. ಹೊಟ್ಟ್ಯಾಗ ಹಾಕ್ಕೊಳ್ರಿ.”