ದೋಣಿಯಿಲ್ಲದ ಇಂಜಿನು

ಬಣ್ಣದ ಮೂರನೇ ಕೋಟು ಒಣಗುವ ಮೊದಲೇ ಅದರ ಮೇಲೊಂದು ಕೆಂಪಿರುವೆ ಹತ್ತಿತು. ಎಡ್ಮಂಡ್ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡವಿಟ್ಟು ಬಗ್ಗಿ ನೋಡಿದ. ಇರುವೆ ಸ್ವಲ್ಪ ದೂರ ಹೋಗಿ ಹಸಿರು ಬಣ್ಣದಲ್ಲಿ ಸಿಕ್ಕಿಕೊಂಡಿತ್ತು. ಸೂಜಿಯ ಮೊನೆಯಿಂದ ಎತ್ತಿದ. ಇರುವೆ ಬಂತು, ಕಾಲು ಎರಡು ಬರಲಿಲ್ಲ.

ಪರವಾಗಿಲ್ಲ, ಯಾರು ನೋಡುತ್ತಾರೆ ಅಂದುಕೊಂಡ. ಅಂದುಕೊಂಡ ಮೇಲೆ ಕಿರಿಕಿರಿಯಾಯಿತು. ಯಾರೂ ನೋಡದ ವಸ್ತುವಿಗೆ ಎಂಟು ತಿಂಗಳಿಂದ ಬಣ್ಣ ಕೆರೆದು ಬಣ್ಣ ಹಚ್ಚುತ್ತಿರುವವನು ತಾನೇ ಅಲ್ಲವೆ?

ಸೋಮವಾರದಿಂದ ಶನಿವಾರದವರೆಗೆ ಮಣಿಪಾಲದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ. ಸಂಜೆ ಬಸ್ಸಿಳಿದು ಕಟಪಾಡಿಯ ಮನೆಯ ಬೀಗ ತೆಗೆಯುವುದು. ಆರು ವರ್ಷದಿಂದ ಅವನ ದಿನಚರಿ ಇಷ್ಟೆ. ಹೆಂಡತಿ ಜೆಸ್ಸಿ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಎರಡು ವರ್ಷಕ್ಕೊಮ್ಮೆ ಬಂದು ನಲವತ್ತು ದಿನ ಇರುತ್ತಾಳೆ. ಬಂದಾಗ ಇಬ್ಬರೂ ನೆಂಟರ ಮನೆಗಳಿಗೆ ಊಟಕ್ಕೆ ಹೋಗುತ್ತಾರೆ. ನೆಂಟರ ಮನೆಗಳು ಮುಗಿಯುವ ಹೊತ್ತಿಗೆ ರಜೆಯೂ ಮುಗಿಯುತ್ತದೆ. ಅದೊಂದು ಅನುಕೂಲವೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಿರಲಿಲ್ಲ.

ಇಂಜಿನು ಸಿಕ್ಕಿದ್ದು ಕಾರ್ಕಳದಲ್ಲಿ. ಹಳೆಯ ಬಂಗಲೆಯೊಂದರ ಸಾಮಾನು ಹರಾಜಾಗುತ್ತದೆಂದು ಪುಸ್ತಕದ ಕಪಾಟು ಕೊಳ್ಳಲು ಹೋದವನು, ದೋಣಿಯ ಹಿಂಬದಿಗೆ ಸಿಕ್ಕಿಸುವ ಈ ತುಕ್ಕುಹಿಡಿದ ಇಂಜಿನನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಬಂಗಲೆಯ ಯಜಮಾನ ಮೂವತ್ತು ವರ್ಷದ ಹಿಂದೆ ಕೆರೆಯಲ್ಲಿ ವಿಹಾರ ಮಾಡಲು ವಿಲಾಯತಿಯಿಂದ ತರಿಸಿದ್ದನಂತೆ. ಹಿರಿಯಡ್ಕದಲ್ಲಿ ಬಸ್ಸು ನಿಂತಾಗ ಕಂಡಕ್ಟರು ಕೇಳಿದ್ದ:

"ಎಂತ ಸರ್ ಅದು?"

"ಮೋಟರು."

"ಬಾವಿಗಾ?"

"ಹೌದು," ಎಂದಿದ್ದ ಎಡ್ಮಂಡ್.

ಜೆಸ್ಸಿ ನಕ್ಷೆ ಮಾಡಿಸಿ ಕಟ್ಟಿಸಿದ ಮನೆಯಲ್ಲಿ 'ಮಕ್ಕಳ ಕೋಣೆ' ಎಂದು ಗುರುತಾಗಿದ್ದ ಕೋಣೆಯೊಂದಿತ್ತು. ಅದರ ನೆಲಕ್ಕೆ ಪತ್ರಿಕೆ ಹಾಸಿ ಇಂಜಿನಿನ ಒಂದೊಂದೇ ಭಾಗ ಬಿಚ್ಚಿಟ್ಟ. ಸಿಕ್ಕಿಕೊಂಡಿದ್ದ ಪಿಸ್ಟನ್ನಿಗೆ ಹದಿನೈದು ದಿನ ಸೀಮೆಎಣ್ಣೆ ಕುಡಿಸಿದ. ಸುಟ್ಟ ಕಾಯಿಲನ್ನು ಉಡುಪಿಯಲ್ಲಿ ಫ್ಯಾನು ರಿಪೇರಿಯವನಿಂದ ಹೊಸದಾಗಿ ಸುತ್ತಿಸಿದ. ತೈಲದ ಟಾಂಕಿಯ ಅಡಿಯಲ್ಲಿ, ಬಿಸಿಲು ಕಾಣದ ಜಾಗದಲ್ಲಿ, ಮೂಲದ ಹಸಿರು ಬೆರಳಗಲ ಉಳಿದಿತ್ತು. ಅದೇ ಹಸಿರು ಸಿಗುವವರೆಗೆ ಬಣ್ಣದಂಗಡಿಗೆ ಮೂರು ಸಲ ಹೋಗಿದ್ದ. ಹೆಂಡತಿಯ ಮುಖದಲ್ಲಿ ಮಚ್ಚೆ ಎಡಕ್ಕೋ ಬಲಕ್ಕೋ ಎಂಬುದು ಈಚೆಗೆ ನೆನಪಿಗೆ ಬರುತ್ತಿರಲಿಲ್ಲ. ಆ ಹಸಿರನ್ನು ಮಾತ್ರ ಕಣ್ಣು ಮುಚ್ಚಿಯೂ ಕಾಣಬಲ್ಲವನಾಗಿದ್ದ.

ಮೇಜಿನ ಮೇಲೆ ಜೆಸ್ಸಿ ತಂದುಕೊಟ್ಟ ಟೇಪ್ ರೆಕಾರ್ಡರು. ಕಾಗದ ಬರೆಯುವುದನ್ನು ಬಿಟ್ಟು ಅವಳೀಗ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಾಳೆ. ಒಂದು ಮಗ್ಗುಲು ಅವಳದು. ಇನ್ನೊಂದು ಮಗ್ಗುಲು ಅವನು ತುಂಬಿಸಿ ಕಳಿಸಬೇಕು. ಅವಳ ಆಸ್ಪತ್ರೆಯಲ್ಲೇ ಡ್ರೈವರಾಗಿರುವ ಪ್ಯಾಟ್ರಿಕ್ ಎಂಬ ಊರಿನವನು ರಜೆಯಲ್ಲಿ ಬರುವಾಗ ಈ ಕ್ಯಾಸೆಟ್ಟನ್ನು ತಂದು ತಿಂಗಳಾಗಿತ್ತು. ಇವತ್ತು, ಭಾನುವಾರ, ನಾಲ್ಕೂವರೆಯ ಬೊಂಬಾಯಿ ಬಸ್ಸಿಗೆ ಅವನು ವಾಪಸು ಹೊರಡುತ್ತಾನೆ; ಕ್ಯಾಸೆಟ್ಟು ಅವನ ಕೈಯಲ್ಲೇ ಹೋಗಬೇಕು.

ಜೆಸ್ಸಿಯ ಮಾತು ಅವನಿಗೆ ಬಾಯಿಪಾಠವಾಗಿತ್ತು.

"ಕೇಳ್ತದಾ ನಿಮಗೆ? ಇಲ್ಲಿ ಇನ್ನು ಮೂರು ವರ್ಷಕ್ಕೆ ಸಹಿ ಹಾಕಬೇಕಂತೆ, ಬರುವ ತಿಂಗಳು ಮುಗಿಯುವುದರೊಳಗೆ. ಹಾಕಲಾ, ಬಂದುಬಿಡಲಾ? ನಿನ್ನ ಇಷ್ಟ ಅಂತ ಹೇಳಬೇಡಿ. ಹೋದ ಸಲವೂ ಹಾಗೇ ಹೇಳಿದಿರಿ. ಬಾ ಅಂತ ಹೇಳಿ. ಇಲ್ಲದಿದ್ದರೆ ಬೇಡ ಅಂತಾದರೂ ಹೇಳಿ. ನಿಮ್ಮ ಬಾಯಿಂದ ಕೇಳಬೇಕು ನನಗೆ."

ಆಮೇಲೆ ಬಹಳ ಹೊತ್ತು ಏಸಿಯ ಗುಂಯ್‌ ಸದ್ದು. ಯಾರೋ ಚಮಚ ಬೀಳಿಸಿದ್ದು. ಆಮೇಲೆ ಟಕ್.

ಹತ್ತು ಗಂಟೆಗೆ ದೇವದಾಸ ಬಂದ. ಕಾಪುವಿನವನು, ಕಡಲಿಗೆ ಹೋಗುವ ದೋಣಿಗಳ ಇಂಜಿನು ಸರಿಮಾಡುತ್ತಾನೆ. ಹೊಸ ಪ್ಲಗ್ಗು ತಂದಿದ್ದ. ಇಂಜಿನಿನ ಸುತ್ತ ಒಂದು ಸುತ್ತು ಬಂದು ತಲೆದೂಗಿದ.

"ಬಣ್ಣ ಲಾಯ್ಕಾಗಿದೆ ಮಾಸ್ಟ್ರೇ. ನಮ್ಮಲ್ಲಿ ಹೊಸ ಮೆಶಿನಿಗೂ ಈ ಹೊಳಪಿಲ್ಲ. ದೋಣಿ ಎಲ್ಲಿ ಉಂಟು?"

"ನೋಡಬೇಕು."

"ಇನ್ನು ನೋಡುವುದಾ? ಮತ್ತೆ ಎಂತಕ್ಕೆ ಇಷ್ಟು ಕಷ್ಟ ಮಾರಾಯ್ರೇ?"

"ಸುಮ್ಮನೆ."

ದೇವದಾಸ ನಗಲಿಲ್ಲ. ಅವನು ಪ್ಲಗ್ಗು ಕೂರಿಸಿದ. ಹಸಿ ಬಣ್ಣಕ್ಕೆ ಕೈ ತಾಗದಂತೆ ಇಬ್ಬರೂ ಇಂಜಿನನ್ನು ಹೊತ್ತು ಹಿತ್ತಲಿಗೆ ತಂದರು. ಅಲ್ಲಿದ್ದ ಕಬ್ಬಿಣದ ಡ್ರಮ್ಮಿಗೆ ಬಾವಿಯಿಂದ ನೀರು ಸೇದಿ ತುಂಬಿಸಿ, ಅಂಚಿಗೆ ಹಲಗೆ ಬಿಗಿದು, ದೋಣಿ ತಳ್ಳುವ ಪಂಕ ನೀರಿನಲ್ಲಿ ಮುಳುಗುವಂತೆ ಇಂಜಿನನ್ನು ನಿಲ್ಲಿಸಿದರು. ದೇವದಾಸ ಕೈ ತೊಳೆದುಕೊಂಡ.

"ಒಂದು ಮಾತು. ನನ್ನ ಸಣ್ಣ ದೋಣಿ ಉಂಟು. ಸಂಜೆ ಇದನ್ನು ತಕ್ಕೊಂಡು ಬನ್ನಿ. ಹೊಳೆಯಲ್ಲಿ ಒಂದು ಸುತ್ತು ಹೋಗುವ. ನನ್ನ ಹೆಂಡತಿ ಪುಷ್ಪಾವತಿ ಮೀನು ಹುರಿದು ಹಾಕ್ತಾಳೆ. ಮನೆಯಲ್ಲಿ ಎಲ್ಲ ಹೇಳ್ತಾ ಇರ್ತಾರೆ, ಮಾಸ್ಟ್ರನ್ನು ಒಮ್ಮೆ ಕರ್ಕೊಂಡು ಬಾ ಅಂತ."

ಎಡ್ಮಂಡನಿಗೆ ಹೋಗಬೇಕೆನಿಸಿತು. ಆ ಆಸೆಯ ಜೋರಿಗೆ ಅವನಿಗೇ ನಾಚಿಕೆಯಾಯಿತು.

"ಇನ್ನೊಂದು ದಿನ ನೋಡುವ," ಎಂದ.

"ಬಾಯಮ್ಮ ಕುವೈತಿನಿಂದ ಯಾವಾಗ ಬರುವುದು?"

"ಗೊತ್ತಿಲ್ಲ."

ಬೆಳಗಿನಿಂದ ಅವನಾಡಿದ ಮಾತುಗಳಲ್ಲಿ ಸತ್ಯ ಅದೊಂದೇ. ದೇವದಾಸ ಸೈಕಲ್ಲು ಹತ್ತಿದ.

ಮಧ್ಯಾಹ್ನ ಎಡ್ಮಂಡ್ ಮೇಜಿನ ಮುಂದೆ ಕುಳಿತು ಕೆಂಪು ಗುಂಡಿ ಒತ್ತಿದ. "ಜೆಸ್ಸಿ," ಎಂದ. ಈ ಸಲ ಬಾವಿಯಲ್ಲಿ ನೀರು ಚೆನ್ನಾಗಿದೆ, ಪರೀಕ್ಷೆಗಳು ಮುಂದಕ್ಕೆ ಹೋಗಿವೆ, ತಾರಸಿಯ ಬಿರುಕಿಗೆ ಸಿಮೆಂಟು ಹಾಕಿಸಿದೆ. ಹಿಂದಕ್ಕೆ ತಿರುಗಿಸಿ ಕೇಳಿದ. ತರಗತಿಯ ಹಿಂದಿನ ಬೆಂಚಿಗೆ ಕೇಳಿಸಲೆಂದು ಎತ್ತರಿಸಿದ ಸ್ವರ. ಅಳಿಸಿದ. ಎರಡನೇ ಸಲ ಹೆಸರೂ ಬಾಯಿಗೆ ಬರಲಿಲ್ಲ. ಹೊರಗೆ ಕಾಗೆ ಕೂಗಿದ್ದು ಮಾತ್ರ ದಾಖಲಾಯಿತು. ಅದನ್ನೂ ಅಳಿಸಿದ. ದಿನಕ್ಕೆ ನಾಲ್ಕು ತರಗತಿ, ಒಂದೊಂದರಲ್ಲಿ ಐವತ್ತು ನಿಮಿಷ ಬಿಡದೆ ಮಾತಾಡುವ ಮನುಷ್ಯ.

ಬಾ ಎಂದರೆ ಏನಾಗುತ್ತದೆ? ಬಾಗಿಲ ಬಳಿ ಅವಳ ಚಪ್ಪಲಿ. ಕಪಾಟಿನಲ್ಲಿ ಸೀರೆ. ಊಟದ ಮೇಜಿನ ಆಚೆ ಅವಳು, ಈಚೆ ತಾನು, ಮಧ್ಯೆ ಫ್ಯಾನಿನ ಗಾಳಿ. ಬೇಡ ಎಂದರೆ? ಅದೇ ಮೇಜು, ಅದೇ ಫ್ಯಾನು. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಅವುಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣಿಸದೆ ಹೆದರಿದ.

ಮೂರೂಮುಕ್ಕಾಲಿಗೆ ಕುರ್ಚಿ ಹಿಂದೆ ತಳ್ಳಿ ಹಿತ್ತಲಿಗೆ ನಡೆದ. ಬಣ್ಣ ಇನ್ನೂ ಬೆರಳಿಗೆ ಸ್ವಲ್ಪ ಹತ್ತುತ್ತಿತ್ತು. ಚಕ್ರಕ್ಕೆ ಹಗ್ಗ ಸುತ್ತಿ ಎಳೆದ. ಏನಿಲ್ಲ. ಮತ್ತೆ ಎಳೆದ. ಆರನೇ ಸಲ ಇಂಜಿನು ಕೆಮ್ಮಿತು, ನೀಲಿ ಹೊಗೆ ಉಗುಳಿತು, ಒಮ್ಮೆಲೇ ಹಿಡಿದುಕೊಂಡಿತು. ಡ್ರಮ್ಮಿನ ನೀರು ಕುದಿಯುವಂತೆ ಎದ್ದು ಅವನ ಎದೆಗೆ ಎರಚಿತು. ಎಡ್ಮಂಡ್ ಗಟ್ಟಿಯಾಗಿ ನಕ್ಕ. ಯಾರಿಗಾದರೂ ತೋರಿಸಬೇಕೆಂದು ತಿರುಗಿದ. ಬಾವಿಕಟ್ಟೆ, ತೆಂಗಿನ ಮರ, ಒಣಗಿದ ಅವನದೇ ಅಂಗಿಗಳು.

ಒಳಗೆ ಓಡಿದ. ಟೇಪ್ ರೆಕಾರ್ಡರನ್ನು ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಗುಂಡಿ ಒತ್ತಿದ.

ಆ ಗದ್ದಲದ ಪಕ್ಕದಲ್ಲಿ ಮಾತು ಎಷ್ಟು ಸುಲಭ! ನೀನು ಬಂದಾಗ ನಾನು ದಿನ ಎಣಿಸುತ್ತೇನೆ ಎಂದ. ಹೋದ ಮೇಲೆ ನೀನು ಕಾಫಿ ಕುಡಿದ ಲೋಟ ವಾರಗಟ್ಟಲೆ ತೊಳೆಯುವುದಿಲ್ಲ ಎಂದ. ಒಂದೇ ಮನೆಯಲ್ಲಿ ಇಬ್ಬರು ಹೇಗಿರುತ್ತಾರೆಂದು ನನಗೆ ಮರೆತುಹೋಗಿದೆ, ನಿನಗೆ ನೆನಪುಂಟಾ ಎಂದು ಕೇಳಿದ. "ಬಾ," ಎಂದ. ಇನ್ನೊಮ್ಮೆ, ಬಾಯಿಯನ್ನು ಯಂತ್ರಕ್ಕೆ ತಾಗಿಸಿ, "ಬಾ" ಎಂದು ಕೂಗಿದ. ಅವನ ಕಿವಿಗೇ ಅದು ಬೀಳಲಿಲ್ಲ.

ಇಂಜಿನಿನ ಸದ್ದನ್ನೂ ಸೀಳಿ ಗೇಟಿನ ಹೊರಗೆ ರಿಕ್ಷಾದ ಹಾರ್ನು ಕೇಳಿಸಿತು. ಕ್ಯಾಸೆಟ್ಟು ಕಿತ್ತು ಹಿಡಿದು ಓಡಿದ. ಪ್ಯಾಟ್ರಿಕ್ ರಿಕ್ಷಾದಿಂದ ತಲೆ ಹೊರಗೆ ಹಾಕಿದ.

"ಎಂತ ಶಬ್ದ ಅದು ಮಾರಾಯ? ಅಕ್ಕಿಮಿಲ್ಲು ಹಾಕಿದ್ದೀಯಾ?"

"ಹಾಗೇ ಒಂದು."

"ಮಾತಾಡಿದ್ದೀಯಲ್ಲ ಸರಿಯಾಗಿ? ಹೋದ ಸಲದ್ದರಲ್ಲಿ ನೀನು ಬರೀ ಬಾವಿಯ ಸುದ್ದಿ ಹೇಳಿದ್ದಂತೆ. ಆದರೂ ಅವಳು ಎರಡು ದಿನ ಅದನ್ನೇ ಹಾಕಿ ಹಾಕಿ ಕೇಳಿದಳು."

"ಮಾತಾಡಿದ್ದೇನೆ."

"ಕೇಳಿ ನೋಡಿದೆಯಾ? ಕೆಲವು ಸಲ ಟೇಪು ಹಿಡಿದಿರುವುದಿಲ್ಲ."

"ನೋಡಿದೆ," ಎಂದ ಎಡ್ಮಂಡ್.

ರಿಕ್ಷಾ ಹೊರಟಿತು. ಇನ್ನೂ ಕೂಗಿದರೆ ಕೇಳಿಸುವಷ್ಟು ದೂರದಲ್ಲಿತ್ತು. ಆಮೇಲೆ ಇರಲಿಲ್ಲ. ಎಡ್ಮಂಡ್ ಗೇಟಿನ ಚಿಲಕ ಹಾಕಿ, ಸರಿಯಾಗಿ ಬಿತ್ತೇ ಎಂದು ಎರಡು ಸಲ ಅಲ್ಲಾಡಿಸಿ, ನಿಧಾನವಾಗಿ ಮನೆಯನ್ನು ಸುತ್ತಿ ಹಿತ್ತಲಿಗೆ ಬಂದ.

ಹಿತ್ತಲ ತುಂಬ ನೀರು ಹರಿದಿತ್ತು. ಪಂಕ ತಾನು ಮುಳುಗಿದ್ದ ನೀರನ್ನೆಲ್ಲ ತಾನೇ ಹೊರಗೆಸೆದಿತ್ತು. ಡ್ರಮ್ಮಿನ ತಳದಲ್ಲಿ ಬರಿ ಗಾಳಿಯನ್ನು ಹೊಡೆಯುತ್ತ ಅದು ಮೊದಲಿಗಿಂತ ಜೋರಾಗಿ, ಕಿರುಚುವಂತೆ ತಿರುಗುತ್ತಿತ್ತು. ಕ್ಯಾಸೆಟ್ಟಿನಲ್ಲೂ ತನ್ನ ಮಾತನ್ನು ಮುಚ್ಚಿ ಇದೇ ಸದ್ದು ತುಂಬಿರಬೇಕು ಎಂದು ಅವನಿಗೆ ಹೊಳೆಯಿತು. ತಣಿಸಲು ನೀರಿಲ್ಲದೆ ಇಂಜಿನು ಬಿಸಿಯೇರುತ್ತಿತ್ತು. ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಸಾಕು. ಎಡ್ಮಂಡ್ ಕೈಚಾಚಿದ, ಕೈಗೆ ಬಿಸಿ ತಾಗಿತು, ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತ. ಅವನ ಕಣ್ಣೆದುರಿಗೆ ಹಸಿರು ಬಣ್ಣ ಮೆಲ್ಲಗೆ ಉಬ್ಬಿ, ಗುಳ್ಳೆಯಾಗಿ, ಒಂದೊಂದೇ ಒಡೆಯುತ್ತಿತ್ತು.