ಬಾಗಿನದ ಲೈಟು

ತಮ್ಮ ಕೊಟ್ಟದ್ದು ಏನೇ ಆಗಲಿ, ಭಾಗ್ಯಮ್ಮ ಕಣ್ಣಿಗೊತ್ತಿಕೊಂಡೇ ಒಳಗಿಡುವವಳು. ಗೌರಿ ಹಬ್ಬಕ್ಕೆ ನಟರಾಜು ಸರಗೂರಿನಿಂದ ವೀರನಹೊಸಹಳ್ಳಿಗೆ ಬಾಗಿನ ತಂದಾಗ ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮದ ಜೊತೆ ಒಂದು ಚಾರ್ಜಿಂಗ್ ಲೈಟೂ ಇತ್ತು. ಸರಗೂರು ಬಸ್‌ಸ್ಟ್ಯಾಂಡ್ ಪಕ್ಕ ಅವನದು ಮೊಬೈಲ್ ರಿಪೇರಿ ಅಂಗಡಿ.

“ನಾನೇ ಕೈಯಾರ ಜೋಡ್ಸಿದ್ದು ಕಣಕ್ಕ. ಕರೆಂಟೋದ್ರೆ ಕಾವ್ಯ ಓದ್ಕಳ್ಳಿ,” ಅಂದ.

ಸರಿ, ಭಾಗ್ಯಮ್ಮ ನೆಲದ ಮೇಲೆ ನಿಲ್ಲಲುಂಟೇ! ಎಂಥೆಂಥವರ ತಮ್ಮಂದಿರು ಬರೀ ಸೀರೆ ಕೊಟ್ಟು ಕೈ ತೊಳೆದುಕೊಂಡರು, ನಮ್ಮವನು ನೋಡಿ ಎಂದು ಬೀದಿಗೆಲ್ಲ ತೋರಿಸಿ ಬಂದಳು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು ಕಾವ್ಯಶ್ರೀಯ ಮಂಚದ ತಲೆದೆಸೆಯಲ್ಲೇ ಲೈಟಿಗೆ ಜಾಗವಾಯಿತು.

ದೀಪಾವಳಿ ಕಳೆಯುವಷ್ಟರಲ್ಲಿ ಒಳಗಿನ ಬ್ಯಾಟರಿ ಉಬ್ಬಿ ಲೈಟಿನ ಮುಚ್ಚಳ ಬಾಯಿ ಬಿಟ್ಟಿತು.

“ಅವ್ವ, ಚಾರ್ಜಾಕುದ್ರೆ ಕೈ ಸುಡ್ತದೆ. ಮಾವಂಗೆ ವಾಪಸ್ ಕೊಟ್ಬುಡವಾ,” ಅಂದಳು ಕಾವ್ಯ.

“ಬಾಗಿನ ವಾಪಸ್ ಕೊಟ್ರೆ ತವರಿಗೆ ಒಳ್ಳೇದಾಗಕ್ಕಿಲ್ಲ ಕಣ್ ಮಗ.”

ಆದರೂ ತಮ್ಮನಿಗೆ ಫೋನು ಮಾಡಿದಳು. “ಏನೂ ಆಗಕ್ಕಿಲ್ಲ ಬುಡಕ್ಕ,” ಅಂದ ಅವನು. ಅವನ ಮಾತೆಂದರೆ ಮುಗಿಯಿತು. ಎರಡು ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಳವನ್ನು ಬಿಗಿದು, ಮತ್ತೆ ಅಲ್ಲೇ ಇಟ್ಟಳು.

ಒಂದು ಸಂಜೆ ಕಾವ್ಯ ಸ್ಕೂಲಿನಿಂದ ಬಂದು ಲೈಟನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲೇ ಬರೆಯುತ್ತ ಕೂತಿದ್ದಳು. ಬುಸ್ಸೆಂದು ಹೊಗೆ ಬಂತು. ವೈರು ಕೀಳಲು ಕೈಚಾಚಿದಳು, ಅಷ್ಟರಲ್ಲಿ ಬೆಂಕಿ ಚಿಮ್ಮಿ ಹಾಸಿಗೆಗೆ ಹತ್ತಿತು. ಭಾಗ್ಯಮ್ಮ ಕಂಬಳಿ ಹೊದಿಸಿ ಮಗಳನ್ನು ಉಳಿಸಿಕೊಂಡಳು. ಬಲಗೈ ಮಾತ್ರ ಮೊಣಕೈವರೆಗೂ ಬೆಂದಿತ್ತು.

ಹುಣಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ. ನಟರಾಜು ಎಳನೀರು ಹಿಡಿದು ಬಂದು, “ನಂಗೇನಕ್ಕ ಗೊತ್ತಿತ್ತು, ಇಂಗಾಯ್ತದೆ ಅಂತ,” ಎಂದು ಗೊಳೋ ಎಂದು ಅತ್ತ. ಮಗಳ ಕೈ ನೋಡಿ ಅಳಬೇಕಾದವಳು ತಮ್ಮನ ಬೆನ್ನು ಸವರುತ್ತ ಕೂತಳು. ಇವಳಂಥ ಪೆದ್ದಿ ಇನ್ನೊಬ್ಬಳಿಲ್ಲ.

ಮಗಳನ್ನು ಮನೆಗೆ ಕರೆತಂದ ಮೇಲೂ ಅವನದೇ ಚಿಂತೆ. ಪಾಪ, ನೊಂದುಕೊಂಡು ಊಟ ಬಿಟ್ಟಿರಬಹುದು, ಸಮಾಧಾನ ಹೇಳಿ ಬರೋಣ ಎಂದು ಮಗಳನ್ನು ಗಂಡನಿಗೆ ಒಪ್ಪಿಸಿ ಸರಗೂರಿನ ಬಸ್ಸು ಹತ್ತಿದಳು.

ತವರಿನ ಹಿತ್ತಿಲಲ್ಲಿ ಕಾಲು ತೊಳೆಯುವಾಗ ಒಗೆಯೋ ಕಲ್ಲಿನ ಮೇಲೆ ಒಂದು ಬಾಂಡ್ಲಿ ಕಂಡಿತು. ಬಾಂಡ್ಲಿ ತುಂಬ ಮರಳು. ಮರಳಿನ ಮೇಲೆ ಅಂಥದೇ ಲೈಟು. ಒಳಗಿನಿಂದ ಉದ್ದಕ್ಕೆ ವೈರು ಎಳೆದು ಚಾರ್ಜಿಗೆ ಹಾಕಿದ್ದರು.

“ಇದ್ಯಾಕವ್ವ ಇಲ್ಲಿ?” ಎಂದು ತಮ್ಮನ ಹೆಂಡತಿ ರಾಧಾಳನ್ನು ಕೇಳಿದಳು.

“ಶ್ರಾವಣದಲ್ಲಿ ಅಂಗಡೀಲಿ ಇಂಥದೇ ಒಂದು ಅತ್ಕಂಡು ಉರೀತಲ್ಲ ಅತ್ತಿಗೆ, ಅವತ್ತಿಂದ ಮನೆ ಒಳಿಕ್ಕೆ ಚಾರ್ಜಾಕಕ್ಕೆ ಬುಡಾಕಿಲ್ಲ ಇವ್ರು. ಎಲ್ಲಾ ಹಳೇ ಮೊಬೈಲ್ ಬ್ಯಾಟ್ರಿ ಅಂತೆ. ಮಾರೋದೂ ನಿಲ್ಸುದ್ರು. ನಿಮಗೆ ಹೇಳ್ನಿಲ್ವಾ?”

ಶ್ರಾವಣ ಕಳೆದ ಮೇಲಲ್ಲವೇ ಗೌರಿ ಹಬ್ಬ! ಮಾರಲು ಹೆದರಿದ್ದನ್ನು ಬಾಗಿನಕ್ಕೆ ಇಟ್ಟಿದ್ದ. ಒಂದೇ ಎದೆಹಾಲು ಕುಡಿದವನು ನಂಬಿಸಿ ಕತ್ತು ಕೊಯ್ದಿದ್ದ.

ಮಧ್ಯಾಹ್ನ ಊಟಕ್ಕೆ ಬಂದ ತಮ್ಮನನ್ನು ಹಿತ್ತಿಲಿಗೆ ಕರೆದು ಬಾಂಡ್ಲಿ ತೋರಿಸಿದಳು.

ಅವನು ತಲೆ ತಗ್ಗಿಸಿದ. “ಮಕ್ಕಳಿರೋ ಮನೆ ಅಲ್ವೇನಕ್ಕ, ಅದ್ಕೇ ಉಷಾರಿಗೆ...”

“ನಮ್ಮನೇಲಿ ಮಕ್ಕಳಿರ್ಲಿಲ್ವೇನೋ ನಟ?”

ಬಡಿಸಿದ ಎಲೆಯನ್ನು ಹಾಗೇ ಬಿಟ್ಟು ಭಾಗ್ಯಮ್ಮ ಚೀಲ ಎತ್ತಿಕೊಂಡಳು. ಕಾವ್ಯಳ ಕೈ ಸುಟ್ಟದ್ದು ಬಾಗಿನದ ಲೈಟು ಎಂದು ಗಂಡನಿಂದ ಕೇಳಿರದ ರಾಧಾ, ಏನೂ ಅರ್ಥವಾಗದೆ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟುಕೊಂಡು ಬಾಗಿಲಿಗೆ ಓಡಿಬಂದಳು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಮಡಿಲಕ್ಕಿ ಇಲ್ಲದೆ ಆ ಹೊಸಲು ದಾಟಿದವಳಲ್ಲ ಭಾಗ್ಯಮ್ಮ. ಇವತ್ತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬ್ಯಾಡ ಕಣವ್ವ. ಬಸ್ಸಿಗೆ ಒತ್ತಾಯ್ತು. ಕಾವ್ಯಂಗೆ ನಾನೇ ಉಣ್ಣಿಸ್ಬೇಕು.”